ಹಲ್ಲಿ ನುಡಿದ ಸಂಜೆ

ಶಕುನ ಎಂದರೆ ನಗುತ್ತಿದ್ದವಳು ನಾನು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಅತ್ತೆ ‘ಕೃಷ್ಣ ಕೃಷ್ಣ’ ಎಂದು ನೆಲಕ್ಕೆ ಬೆರಳು ಕುಟ್ಟುತ್ತಿದ್ದರು. ಆಡಿದ ಮಾತಿಗೆ ಹಲ್ಲಿಯ ಒಪ್ಪಿಗೆಯೂ ಬೇಕೇ ಎಂದು ಛೇಡಿಸುತ್ತಿದ್ದೆ. ಈಗ ಛೇಡಿಸುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಅಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಗಂಡನಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ನಮ್ಮ ಮನೆಯಿದ್ದ ಸಯನ್‌ನ ಡಾಕ್ಟರು ಮಲೇರಿಯಾ ಎಂದುಕೊಂಡರು. ಕೊನೆಗೆ ಪರೇಲ್‌ನ ಆಸ್ಪತ್ರೆಯಲ್ಲಿ ತಿಳಿಯಿತು, ಹೃದಯದ ಕವಾಟಕ್ಕೆ ಬ್ಯಾಕ್ಟೀರಿಯಾ ಹತ್ತಿತ್ತು. ವಾರಗಟ್ಟಲೆ ನರದೊಳಗೆ ಆಂಟಿಬಯೋಟಿಕ್ ಬಿಟ್ಟರೂ ಜ್ವರ ಇಳಿಯಲಿಲ್ಲ. ಕವಾಟ ತೂತಾಗಿದೆ, ಆಪರೇಷನ್ ಮಾಡಿ ಲೋಹದ್ದು ಹಾಕದಿದ್ದರೆ ಉಳಿಯುವುದಿಲ್ಲ ಎಂದರು. ಮಗನ ಎದೆ ಸೀಳಲು ಅತ್ತೆ ಒಪ್ಪಲಿಲ್ಲ. ಇವರೋ, ಅವ್ವ ಹೂಂ ಅನ್ನದೆ ಆಗುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನನಗೆ ಅಳುವೂ ಬರುತ್ತಿರಲಿಲ್ಲ.

ಪರದೆಯಾಚೆಯ ಮಂಚದಲ್ಲಿ ಬಸಪ್ಪ ಎಂಬ ವಿಜಯಪುರದ ಕಡೆಯ, ಗಾರೆ ಕೆಲಸದ ಗೌಂಡಿ ಇದ್ದ. ಅವನಿಗೆ ಹಿಂದೆಯೇ ಲೋಹದ ಕವಾಟ ಹಾಕಿದ್ದರು. ಈಗ ಅದಕ್ಕೂ ಸೋಂಕು. ವಾರ್ಡ್ ಸುಮ್ಮನಾದಾಗ ಅವನ ಎದೆಯ ಟಿಕ್ ಟಿಕ್ ನಮಗೂ ಕೇಳಿಸುತ್ತಿತ್ತು. ಅತ್ತೆ ಹಲ್ಲಿಯೆಂದು ತಿಳಿದು ಮಂಚಕ್ಕೆ ಬೆರಳು ಕುಟ್ಟುವರು. ಅವನು ನನಗೆ ಮೆಲ್ಲಗೆ ಹೇಳಿದ್ದ, “ಅದು ಹಲ್ಲಿ ಅಲ್ರೀ ಅಕ್ಕಾರ, ನನ್ನ ಎದಿ. ಅಜ್ಜಿಗೆ ಹೇಳಬ್ಯಾಡ್ರಿ, ಪಾಪ.”

ಒಂದು ಬೆಳಿಗ್ಗೆ ಉಸಿರಾಟ ಕಷ್ಟವಾಗಿ ಅವನನ್ನು ಐಸಿಯುಗೆ ಒಯ್ದರು. ಅದೇ ಸಂಜೆ ಚಹಾದ ಹೊತ್ತಿಗೆ ನಾನು ಮತ್ತೆ ಅತ್ತೆಗೆ ಹೇಳಿದೆ, “ಆಪರೇಷನ್ ಮಾಡಿಸಿದ್ರ ಇವರು ಉಳೀತಾರ್ರೀ.”

ಪರದೆಯಾಚೆಯಿಂದ ಟಿಕ್ ಟಿಕ್ ಟಿಕ್ ಎಂದಿತು. ಅತ್ತೆಯ ಬೆರಳು ತಾನಾಗಿ ಮಂಚ ಕುಟ್ಟಿತು. ಮಗನ ಹಣೆ ಸವರಿ, “ಹಲ್ಲಿ ನುಡೀತಲ್ಲವಾ. ಮಾಡ್ಸು ಹಂಗಾರ” ಎಂದರು.

ಬಸಪ್ಪನನ್ನು ವಾಪಸು ಕರೆತಂದಿದ್ದಾರೆ ಎಂದುಕೊಂಡು ಪರದೆ ಸರಿಸಿದೆ. ಒಗೆದ ಚಾದರ ಹಾಸಿದ ಖಾಲಿ ಮಂಚವಿತ್ತು. ಅವನು ಮಧ್ಯಾಹ್ನವೇ ತೀರಿಕೊಂಡನೆಂದು ಸಿಸ್ಟರ್ ಹಿಂದಿಯಲ್ಲಿ ಹೇಳಿದಳು. ನನಗೆ ಭಯವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಪರದೆ ಎಳೆದು ಬಂದು ಇವರಿಗೆ ಚಹಾ ಕುಡಿಸಿದೆ.

ಗೋಡೆ ಗಡಿಯಾರ, ಔಷಧಿ ಬಿಡುವ ಪಂಪು ಎಲ್ಲಕ್ಕೂ ಆಮೇಲೆ ಕಿವಿಗೊಟ್ಟು ನೋಡಿದೆ. ಯಾವುದರ ಸದ್ದೂ ಅದಲ್ಲ. ಡಾಕ್ಟರು ನನ್ನ ಆಯಾಸ ಎಂದರು; ಹಾಗಾದರೆ ಅತ್ತೆಗೆ ಕೇಳಿಸಿದ್ದೇನು ಎಂದರೆ ಮುಂದಿನ ಮಂಚದತ್ತ ನಡೆದರು.

ಇವರು ಬದುಕಿದರು. ಈಗ ಇವರ ಎದೆಯೂ ಸದ್ದು ಮಾಡುತ್ತದೆ. ಮಗ ಪಕ್ಕದಲ್ಲಿ ಕೂತರೆ ಅತ್ತೆ ಅದನ್ನು ಕೇಳಿ ಹಿಗ್ಗುತ್ತಾರೆ. ಆದರೆ ಅದು ಬಸಪ್ಪನದೇ ಸದ್ದು. ನಾನು ಇಂದಿಗೂ ಆ ಎದೆಯ ಮೇಲೆ ತಲೆಯಿಟ್ಟಿಲ್ಲ.