ತೇಗದ ಧೂಳು

ಗೇಣು ಮೇಸ್ತ್ರಿ ಮೂವತ್ತು ವರ್ಷ ದುಡಿದದ್ದು ಬೆನ್ನು ಬಗ್ಗಿಸಿಯೇ. ದೋಣಿಯ ಮೈ ಕಟ್ಟುವವರಿಗೆ ಬಯಲು, ಗಾಳಿ, ಬೆಳಕು. ಅವನ ಪಾಲಿಗೆ ಬಂದದ್ದು ದೋಣಿಯ ಹೊಟ್ಟೆ: ಒಳಗಿನ ಹಲಗೆಗೋಡೆ, ಬೆಂಚು, ಕಪಾಟು. ಟೇಪು ಬಿಚ್ಚುವ ಮೊದಲು ಗೇಣು ಹಾಕಿ ಅಳೆಯುತ್ತಿದ್ದನಾದ್ದರಿಂದ ಆ ಹೆಸರು. “ಮೊದಲ ಸಲ ನಮ್ಮನೆಗೆ ಬಂದಾಗ ನನ್ನ ಮುಖ ನೋಡೋ ಮೊದ್ಲು ಮೇಜಿಗೆ ಗೇಣು ಹಾಕಿದ್ರು” ಎಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ.

ಐವತ್ತು ದಾಟುವ ಹೊತ್ತಿಗೆ ಎದೆ ಕೈಕೊಟ್ಟಿತು. ತೇಗ ಉಜ್ಜಿದ ದಿನವೆಲ್ಲ ಕೆಮ್ಮು, ಸಿಳ್ಳೆ ಹಾಕಿದಂಥ ಉಸಿರು.

“ಆ ಧೂಳು ನಿಮಗೆ ಆಗಿಬರ್ತಿಲ್ಲ. ಕೆಲಸ ಬಿಡಿ” ಎಂದರು ಡಾಕ್ಟರು.

“ಬಿಟ್ಟು ಏನ್ ಮಾಡ್ಲಿ ಸಾರ್?”

ಡಾಕ್ಟರು ಔಷಧದ ಚೀಟಿ ಬರೆದುಕೊಟ್ಟರು.

ಮನೆಯಲ್ಲಿ ಅವನು ನೆಗಡಿ ಎಂದ. ಎರಡು ವರ್ಷ ಅದೇ ನೆಗಡಿ. ಬೇರೆ ಮರದ ಕೆಲಸಗಳನ್ನೇ ಹಿಡಿದು ಹೇಗೋ ತೇಗದಿಂದ ತಪ್ಪಿಸಿಕೊಂಡ. ಆಮೇಲೆ ಬಂದದ್ದು ಟೀಚರಮ್ಮನ ದೋಣಿ. ಶಾಲೆಯಿಂದ ನಿವೃತ್ತಿಯಾದ ಆಕೆಗೆ ತಂದೆಯ ಹಳೆಯ ದೋಣಿಯ ಒಳಗನ್ನು ಮೊದಲಿದ್ದಂತೆಯೇ ಮಾಡಿಸುವ ಆಸೆ. ಹಲಗೆಗಳು ಬೆರಳಿಟ್ಟರೆ ಪುಡಿಯಾಗುತ್ತಿದ್ದವು. ಒಂದು ಬದಿಯ ಗೋಡೆ ಮಾತ್ರ ಗಟ್ಟಿಯಾಗಿ ಉಳಿದಿತ್ತು.

“ಹಲಸು ಹಾಕೋಣ್ವಾ ಅಮ್ಮ? ಬಣ್ಣ ಚೆನ್ನಾಗಿರುತ್ತೆ.”

“ಅಪ್ಪ ಹಾಕ್ಸಿದ್ದು ತೇಗ. ಯಾಕೆ, ತೇಗ ಬೇಡ ಅನ್ನೋಕೆ ಕಾರಣ ಇದೆಯಾ?”

ಕಾರಣ ಹೇಳಿದರೆ ಸಂಜೆಯೊಳಗೆ ದೋಣಿ ನಿಲ್ಲುವ ದಕ್ಕೆಯ ತುಂಬ ಸುದ್ದಿ. ನಾಳೆಯಿಂದ ಯಾರೂ ಕರೆಯುವುದಿಲ್ಲ. ಹೇಳದಿದ್ದರೆ ದೋಣಿಯ ಆ ಡಬ್ಬಿಯಂಥ ಹೊಟ್ಟೆಯೊಳಗೆ ಇಳಿಯಬೇಕು. ಅತ್ತ ದರಿ, ಇತ್ತ ಪುಲಿ.

“ಏನಿಲ್ಲಮ್ಮ” ಎಂದ.

ಟಿಂಬರ್ ಡಿಪೋದಲ್ಲಿ ಅರ್ಧ ದಿನ ಕಳೆದ. ಹಲಗೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ, ಗಂಟಿದ್ದದ್ದನ್ನು ಪಕ್ಕಕ್ಕೆ ಸರಿಸಿದ, ಎಳೆ ನೇರವಾಗಿದ್ದದ್ದನ್ನು ಬಿಸಿಲಿಗೆ ಹಿಡಿದು ನೋಡಿದ. ತನ್ನ ಉಸಿರು ಕಟ್ಟಿಸುವ ಮರವನ್ನೇ ಅಷ್ಟು ಅಕ್ಕರೆಯಿಂದ ಆರಿಸಿದ.

ಬಾಯಿಗೆ ಬಟ್ಟೆ ಬಿಗಿದು ಮೂರು ದಿನ ದೋಣಿಯೊಳಗೆ ಕೆಲಸ ಮಾಡಿದ. ಇಬ್ಬರು ಎದುರಾದರೆ ಒಬ್ಬರು ಬೆಂಚು ಹತ್ತಬೇಕಾದಷ್ಟು ಕಿರಿದು ಕೋಣೆ. ಕಿಟಕಿ ಎಂದರೆ ತಟ್ಟೆಯಗಲದ ಎರಡು ಗುಂಡು ತೂತು. ನಾಲ್ಕನೆಯ ಮಧ್ಯಾಹ್ನ ಬುತ್ತಿ ತಂದ ಹೆಂಡತಿಗೆ ಕಂಡದ್ದು ಆ ತೂತಿನಿಂದ ಹೊರಚಾಚಿದ್ದ ಗಂಡನ ನೀಲಿಗಟ್ಟಿದ ಮುಖ. ತಲೆ ಹೊರಗೆ ಬಂದಿತ್ತು, ಭುಜ ಬರುವಂತಿರಲಿಲ್ಲ. ಅವಳು ಒಳಗೆ ನುಗ್ಗಿ, ಕಂಕುಳಿಗೆ ಕೈಹಾಕಿ, ದರದರ ಎಳೆದು ಮೇಲೆ ತಂದಳು.

ಉಸಿರು ಮರಳಿದ ಮೇಲೆ ಅವನು ಎಲ್ಲ ಹೇಳಿದ.

“ಎರಡು ವರ್ಷ ನನ್ನ ಹತ್ರ ಮುಚ್ಚಿಟ್ರಾ? ನಾನೇನು ಹೊರಗಿನವಳಾ?” ಅವಳು ಅತ್ತಳು, ಬೈದಳು, ತಂದ ಬುತ್ತಿಯನ್ನು ಬಡಿಸಿದಳು. ಕೊನೆಗೆ, “ಕೆಲಸ ಇನ್ನೇನು ಉಳಿದಿದೆ?” ಎಂದಳು.

“ಉಜ್ಜೋದು, ಜೋಡ್ಸೋದು, ವಾರ್ನಿಷ್ ಹೊಡೆಯೋದು. ಬೇರೆ ಯಾರಿಗಾದ್ರೂ…”

“ನಾನು ಮಾಡ್ತೀನಿ. ನೀವು ಹೊರಗೆ ಕೂತು ಹೇಳಿ.”

ಬಟ್ಟೆ ಹೊಲಿಯುವವಳು ಅವಳು. ಮಾರನೆಯ ದಿನವೇ ಹೊಲಿಗೆ ಮಷೀನಿಗೆ ಹೊದಿಕೆ ಹಾಕಿ ಮಾಸ್ಕ್ ಕಟ್ಟಿಕೊಂಡು ಒಳಗಿಳಿದಳು. ಅವನು ದಕ್ಕೆಯ ಮೇಲೆ ಸ್ಟೂಲು ಹಾಕಿಕೊಂಡು ಹಲಗೆ ಉಜ್ಜುವ ಮರಳುಕಾಗದದ ಸದ್ದಿಗೆ ಕಿವಿಯಾದ.

“ಎಳೆಗೆ ಅಡ್ಡ ಉಜ್ತಿದ್ದೀಯ ಕಣೇ!”

“ಬಟ್ಟೆಗೂ ಎಳೆ ಇರುತ್ತೆ. ನಂಗೆ ಗೊತ್ತಿಲ್ವಾ? ಇದು ಮೂಲೆ, ಕೈ ತಿರುಗಲ್ಲ!”

ಮೂಲೆಗೆ ಕಾಗದವನ್ನು ಕಡ್ಡಿಗೆ ಸುತ್ತಬೇಕೆಂದು ಹೇಳಿಕೊಟ್ಟ. ತೇಗದಲ್ಲಿ ಎಣ್ಣೆಯಂಶ ಜಾಸ್ತಿ, ವಾರ್ನಿಷ್‌ಗೆ ಮುಂಚೆ ಥಿನ್ನರ್‌ನಿಂದ ಒರೆಸಬೇಕು ಎಂದ. ಹಳೆಯ ಗೋಡೆಗೂ ಹೊಸ ಹಲಗೆಗೂ ಬಣ್ಣ ಕೂಡದಿದ್ದಾಗ ಅವನು ಬಣ್ಣ ಕಲಸಲು ಹೊರಟ. ಅವಳು ತಡೆದಳು. “ಹಳೇದಕ್ಕೆ ಬಣ್ಣ ಹೊಂದ್ಲಿ ಅಂತ ತೇಪೆ ಬಟ್ಟೆನ ನಾನು ಮೊದ್ಲು ಬಿಸಿಲಿಗೆ ಹಾಕ್ತೀನಿ. ಜೋಡ್ಸೋ ಮೊದ್ಲು ಇದನ್ನೂ ಹಾಕಿ ನೋಡೋಣ.” ಹತ್ತು ದಿನದ ಬಿಸಿಲಿಗೆ ಹಲಗೆಗಳ ಕಲೆ ಅಡಗಿ ಜೇನಿನ ಬಣ್ಣ ಬಂತು. ಮೂವತ್ತು ವರ್ಷದಲ್ಲಿ ತನಗೆ ಹೊಳೆಯದ್ದು! ಅವನಿಗೆ ಹೆಮ್ಮೆಯೂ ಆಯಿತು, ಒಳಗೊಳಗೇ ಚುರುಕ್ಕೆಂದಿತು ಕೂಡ.

ಟೀಚರಮ್ಮ ಬಂದು ಬೆಂಚಿನ ಮೇಲೆ ಕೂತು ಅಂಗೈಯಿಂದ ಗೋಡೆ ಸವರಿದರು. “ನಿಮ್ಮ ಕೈಯಲ್ಲಿ ಜಾದೂ ಇದೆ ಮೇಸ್ತ್ರಿ” ಎಂದರು ಮೇಲೆ ಬಂದು.

ಹೆಂಡತಿ ತಲೆ ತಗ್ಗಿಸಿದಳು. ಅವನು ಸುಮ್ಮನಿರಬಹುದಿತ್ತು.

“ಕೈ ಇವಳದು. ನಂಗೆ ತೇಗದ ಧೂಳು ಆಗಲ್ಲಮ್ಮ” ಎಂದ.

ಸುದ್ದಿ ಅವನು ಹೆದರಿದಷ್ಟೇ ಬೇಗ ಹಬ್ಬಿತು. ವಾರದೊಳಗೆ ಇನ್ನೊಂದು ದೋಣಿಯವನು ಮನೆಗೆ ಬಂದು ಕೇಳಿದ: “ಅಮ್ಮ ಇದ್ದಾರಾ?”

ಈಗ ಅವಳ ಕೈಯಲ್ಲಿ ಮೂರು ದೋಣಿ. ಮರ ಆರಿಸುವುದು ಅವನೇ. ಅದೃಷ್ಟವಂತ ಎನ್ನುತ್ತಾರೆ ದಕ್ಕೆಯವರು, ಅವನು ಹೌದೆಂದು ತಲೆಯಾಡಿಸುತ್ತಾನೆ. ವಾರ್ನಿಷ್ ಆರಿದ ಒಂದು ದಿನ ಒಳಗೆ ಇಳಿದು ನೋಡಿದ್ದ. ಧೂಳಿನ ಸುಳಿವೂ ಇರಲಿಲ್ಲ, ಆದರೂ ಎದೆ ಹಿಡಿಯಿತು. ರೋಗವೋ ಭಯವೋ ತಿಳಿಯದೆ ಮೇಲೆ ಬಂದ. ಬೆಳಿಗ್ಗೆ ಹತಾರದ ಪೆಟ್ಟಿಗೆಯನ್ನು ದೋಣಿಯ ಬಾಗಿಲವರೆಗೆ ಅವನೇ ಹೊರುತ್ತಾನೆ. ಅವಳು ಕೆಳಗಿಳಿದು ಕೈ ಚಾಚುತ್ತಾಳೆ. ಪೆಟ್ಟಿಗೆ ಬಿಡಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಅವಳು ಕಾಯುತ್ತಾಳೆ.