ಕನೆಲ್ಲಾ ಕಳಿಸಿದ ಮಾತು

ಕನೆಲ್ಲಾ ತೀರಿಕೊಂಡು ಎಂಟು ತಿಂಗಳಾಯಿತು. ಮವ್ರೊಪೆತ್ರಾ ಹಳ್ಳಿಯಲ್ಲಿ ಈಗ ಯಾರಾದರೂ ಸತ್ತರೆ ಹೆಂಗಸರು ಹೆಣದ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಳುವ ಹಾಡಿನ ಮೊದಲ ಸಾಲು ಎತ್ತುವವರಿಲ್ಲ. ನಲವತ್ತು ವರ್ಷ ಆ ಸಾಲು ಅವಳದಾಗಿತ್ತು.

ಕುಳ್ಳಗೆ ಗಟ್ಟಿಮುಟ್ಟಾಗಿದ್ದ ಹೆಂಗಸು. ಚಳಿಗಾಲದಲ್ಲಿ ಕೋಲಿನಿಂದ ಆಲಿವ್ ಕಾಯಿ ಬಡಿದು ಉದುರಿಸುವಳು, ಹಂದಿಮಾಂಸಕ್ಕೆ ಉಪ್ಪು ಹಚ್ಚಿ ಹೊಗೆಗೆ ಕಟ್ಟುವಳು. ಬೇಸಿಗೆಯಲ್ಲಿ ಕಡಲಂಚಿನ ಬಂಡೆಯ ಗುಳಿಗಳಿಂದ ಉಪ್ಪು ಕೆರೆದು ತರುವಳು. ಸಾವಿನ ಮನೆಗೆ ಹೊರಟಾಗ ಮಾತ್ರ ಅವಳ ನಡಿಗೆ ಬದಲಾಗುತ್ತಿತ್ತು. ಮೊದಲು ಅಡುಗೆಮನೆಗೆ ಹೋಗಿ, ಸತ್ತವನಿಗೆ ಏನು ಇಷ್ಟವಿತ್ತು, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂದು ಕೇಳಿಕೊಳ್ಳುವಳು. ಆಮೇಲೆ ಹೆಣದ ತಲೆಯ ಬಳಿ ಕೂತು ಹಾಡಿ ಅಳುವಳು. ಸತ್ತವನ ಗುಣಗಾನ ಮುಗಿದ ಮೇಲೆ ಸುತ್ತ ಕೂತ ಹೆಂಗಸರ ಸರದಿ. ಎಡಗಡೆಯಿಂದ ಶುರುಮಾಡಿ ಒಬ್ಬೊಬ್ಬಳ ಹೆಸರು ಹಿಡಿದು, ಅವಳ ಮನೆಯಿಂದ ಹಿಂದೆ ಹೋದವರಿಗೆ ಒಂದೊಂದು ಮಾತು ಕಳಿಸಬೇಕು. ಹೊಸದಾಗಿ ಹೊರಟವನು ಆ ಮಾತುಗಳನ್ನೆಲ್ಲ ಹೊತ್ತುಕೊಂಡು ಕೆಳಗಿನ ಊರಿಗೆ ಹೋಗುತ್ತಾನೆ. ಯಾರ ಮನೆಯಲ್ಲಿ ಯಾರು ಯಾವಾಗ ಸತ್ತರೆಂದು ಕನೆಲ್ಲಾಗೆ ಬಾಯಿಪಾಠ. ಒಂದು ಹೆಸರೂ ತಪ್ಪಿರಲಿಲ್ಲ.

ಪಾದ್ರಿ ಥನಾಸಿಸರಿಗೆ ಇದು ಸರಿಬರುತ್ತಿರಲಿಲ್ಲ.

"ನಾನು ಸ್ವರ್ಗ ಸ್ವರ್ಗ ಅಂತ ಓದಿ ಗಂಟಲು ಒಣಗಿಸ್ಕೋತೀನಿ, ನೀನು ಬಂದು ಹೆಣಾನ ಕತ್ತಲೆಗೆ ಇಳಿಸ್ತೀಯ. ಯೇಸು ಹುಟ್ಟಿ ಎರಡು ಸಾವಿರ ವರ್ಷ ಆಗ್ತಾ ಬಂತಲ್ಲಮ್ಮ, ಇನ್ನೂ ಹಾರೊಸ್ ಹಾರೊಸ್ ಅಂತೀಯಲ್ಲ!"

"ನಿಮ್ಮೋರೆಲ್ಲ ಮೇಲಕ್ಕೇ ಹೋಗ್ತಾರೆ ಪಾದ್ರಿಗಳೇ, ನಾನು ಇಲ್ಲ ಅಂದ್ನೇ? ಗುಂಡಿ ಯಾಕೆ ಕೆಳಕ್ಕೆ ತೋಡಿಸ್ತೀರಿ, ಅದನ್ನ ಹೇಳಿ."

ಶಾಲೆಯ ಪುಸ್ತಕದಲ್ಲಿ ಹಾರೊಸ್ ಒಬ್ಬ ಮುದಿ ಅಂಬಿಗ, ಸತ್ತವರನ್ನು ನದಿ ದಾಟಿಸುವವನು. ಊರಿನವರ ಬಾಯಲ್ಲಿ ಅವನಿಗೆ ದೋಣಿಯಿಲ್ಲ. ಕಪ್ಪು ಕುದುರೆಯ ಮೇಲೆ ಬರುತ್ತಾನೆ, ಮುದುಕರನ್ನು ಹಿಂದೆ ನಡೆಸಿಕೊಂಡು, ಮಕ್ಕಳನ್ನು ಜೀನಿಗೆ ಕಟ್ಟಿಕೊಂಡು ಹೋಗುತ್ತಾನೆ. ಅವನಿಲ್ಲದೆ ಊರಿನ ಮಾತು ಮುಂದೆ ಸಾಗುವುದಿಲ್ಲ. ಕಾಯಿಲೆ ಬಿದ್ದವನು ಹಾರೊಸ್ ಜೊತೆ ಕುಸ್ತಿ ಹಿಡಿದಿದ್ದಾನೆ. ಬಂಡೆಯಿಂದ ಜಾರಿ ಬದುಕಿದವನು ಹಾರೊಸನನ್ನು ಕಣ್ಣಾರೆ ಕಂಡು ಬಂದಿದ್ದಾನೆ. ತೊಂಬತ್ತು ದಾಟಿದ್ದ ಕುರಿಗಾಹಿ ಲಿಯಾಸ್, ಊರಿಗೆಲ್ಲ ದೊಡ್ಡಪ್ಪನಂತಿದ್ದ ಬಾರ್ಬಾ ಲಿಯಾಸ್, ಕಾಫಿ ಅಂಗಡಿಯಲ್ಲಿ ಕೂತು ಹೇಳುತ್ತಿದ್ದ: "ಹಾರೊಸ್ ನನ್ನ ಮರ್ತೇಬಿಟ್ಟಿದಾನೆ ಕಣ್ರೋ. ನೀವ್ಯಾರೂ ನೆನಪು ಮಾಡೋಕ್ಕೆ ಹೋಗ್ಬೇಡಿ."

ಆ ಮುದುಕನನ್ನು ಹಾರೊಸ್ ನೆನಪು ಮಾಡಿಕೊಂಡದ್ದು ಸಾವಿರದ ಒಂಬೈನೂರ ಎಪ್ಪತ್ತೆರಡರ ಮಾರ್ಚಿನಲ್ಲಿ. ಅದಕ್ಕೆ ನಾಲ್ಕು ತಿಂಗಳು ಮೊದಲು ಲಿಗೆರಿಯ ಮಗನ ಹಡಗು ಕಾಣೆಯಾಗಿತ್ತು.

ಲಿಗೆರಿ ಮತ್ತು ಕನೆಲ್ಲಾ ಗೋಡೆಗೆ ಗೋಡೆ ಅಂಟಿದ ಮನೆಯವರು. ಕನೆಲ್ಲಾಗೆ ಮಕ್ಕಳಾಗಲಿಲ್ಲ. ಲಿಗೆರಿಯ ಮಗ ಸ್ತ್ರಾತಿಸ್ ಹುಟ್ಟಿದ ಮೂರನೆಯ ದಿನ, ಹಣೆಬರಹ ಬರೆಯುವ ಮೂವರು ಹೆಂಗಸರು ಬರುತ್ತಾರೆಂದು ತೊಟ್ಟಿಲ ಪಕ್ಕ ಜೇನು, ಬಾದಾಮಿ, ರೊಟ್ಟಿ ಇಟ್ಟು ನಾಯಿಯನ್ನು ದೂರ ಕಟ್ಟಿ ಬಂದವಳು ಅವಳೇ. ಹುಡುಗ ಎರಡೂ ಮನೆಯಲ್ಲಿ ಉಂಡು ಬೆಳೆದ. ಇಪ್ಪತ್ತಕ್ಕೆ ಸರಕು ಹಡಗು ಹತ್ತಿದ. ಅವನ ಕೊನೆಯ ಕಾಗದ ರಾಟರ್‌ಡ್ಯಾಮಿನಿಂದ ಬಂತು. "ಹಡಗು ಮುದುಕ, ಕ್ಯಾಪ್ಟನ್ ಹುಡುಗ. ಒಂದು ಪಕ್ಕ ಸ್ಕಿಲ್ಲಾ, ಒಂದು ಪಕ್ಕ ಹಾರಿವ್ದಿಸ್, ನಡುವೆ ನಿಮ್ಮ ಸ್ತ್ರಾತಿಸ್" ಎಂದು ಬರೆದಿದ್ದ. ಇಕ್ಕಟ್ಟಿಗೆ ಸಿಕ್ಕ ಎಲ್ಲರೂ ಆಡುವ ಮಾತು ಅದು. ಜಲಸಂಧಿಯ ಎರಡು ದಡದಲ್ಲಿ ಕೂತು ಹಡಗು ನುಂಗುವ ಆ ರಾಕ್ಷಸಿಯರನ್ನು ಯಾರೂ ನಿಜವಾಗಿ ನೆನೆಯುವುದಿಲ್ಲ. ಲಿಗೆರಿ ಓದಿಸಿಕೊಂಡು ನಕ್ಕಳು. ಕನೆಲ್ಲಾ ನಗಲಿಲ್ಲ. ನವೆಂಬರಿನಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಬಿರುಗಾಳಿ ಎದ್ದಿತು, ಹಡಗಿನ ವೈರ್‌ಲೆಸ್ ನಿಂತುಹೋಯಿತು.

ಇಬ್ಬರೂ ಬಸ್ಸು ಹಿಡಿದು ಪಿರೇಯಸ್ ಬಂದರಿಗೆ ಹೋದರು. ಹಡಗಿನ ಕಂಪನಿಯ ಆಫೀಸಿನ ಬಾಗಿಲಲ್ಲಿ ಒಬ್ಬ ಗುಮಾಸ್ತ ಮೇಜು ಅಡ್ಡ ಹಾಕಿಕೊಂಡು ಕೂತಿದ್ದ.

"ಹೇಳಿದ್ನಲ್ಲಮ್ಮ, ಸುದ್ದಿ ಬಂದ್ರೆ ತಂತಿ ಕಳಿಸ್ತೀವಿ."

"ಒಳಗಡೆ ಯಾರನ್ನಾದ್ರೂ ಕೇಳಿ ಬರ್ತೀನಿ, ಬಿಡಪ್ಪ."

"ಒಳಗೆ ಬಿಡೋ ಹಾಗಿಲ್ಲ."

ಮೂರು ದಿನವೂ ಇದೇ ಆಯಿತು. ಹೊರಗೆ ಬಂದು ಲಿಗೆರಿ ಉಗಿದಳು. "ಕೆರ್ವೆರೊಸ್! ಕೂತಿದಾನೆ ನೋಡು, ಒಂದೇ ತಲೆ, ಮೂರು ಬಾಯಿ."

ಕೆಳಲೋಕದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರನ್ನು ಒಳಗೆ ಬಿಡದ ಯಾವ ಜವಾನನಿಗೂ, ಯಾವ ನರ್ಸಿಗೂ ಇಟ್ಟು ಬೈಯುವುದುಂಟು. ಆದರೆ ಅವತ್ತು ಆ ಮಾತು ಕನೆಲ್ಲಾಳ ಎದೆಗೆ ತಣ್ಣಗೆ ತಾಕಿತು. ಅಜ್ಜಿ ಹೇಳಿಕೊಟ್ಟಿದ್ದಳು: ಆ ನಾಯಿ ಒಳಗೆ ಹೋಗುವವರಿಗೆ ಬಾಲ ಅಲ್ಲಾಡಿಸುತ್ತದೆ, ಕಚ್ಚುವುದು ಹೊರಗೆ ಬರುವವರನ್ನು. ಸ್ತ್ರಾತಿಸ್ ಆಗಲೇ ಒಳಗಿದ್ದಾನೆ ಎಂದು ಅವಳಿಗೆ ಆ ಮೆಟ್ಟಿಲ ಮೇಲೆಯೇ ಖಾತ್ರಿಯಾಯಿತು. ಗೆಳತಿಗೆ ಹೇಳಲಿಲ್ಲ. "ನಡಿ, ಬಸ್ಸಿಗೆ ಹೊತ್ತಾಯ್ತು" ಎಂದಳು.

ಲಿಗೆರಿ ಮಾತ್ರ ಒಂದು ನಿರ್ಧಾರ ಮಾಡಿದ್ದಳು. ನಲವತ್ತನೆಯ ದಿನ ಬಂತು. ಸತ್ತವರ ಹೆಸರಲ್ಲಿ ಗೋಧಿ ಬೇಯಿಸಿ ಸಕ್ಕರೆ ಬೆರೆಸಿ ಚರ್ಚಿಗೆ ಒಯ್ಯುವ ದಿನ. ಅವಳು ಒಲೆಯನ್ನೇ ಹಚ್ಚಲಿಲ್ಲ. ಪಾದ್ರಿಗಳು ಬಂದು ಕೇಳಿದ್ದಕ್ಕೆ, "ಊರೆಲ್ಲ ಅವನ ಗೋಧಿ ತಿಂದುಬಿಟ್ರೆ ಅವನು ಯಾವ ಮುಖ ಇಟ್ಕೊಂಡು ವಾಪಸ್ ಬರ್ತಾನೆ?" ಎಂದಳು. ಮಗ ಬದುಕಿದ್ದಾನೆ ಎಂದು ಅವಳು ಎಲ್ಲೂ ಹೇಳಲಿಲ್ಲ. ಸತ್ತ ಎಂದು ಯಾರೂ ಹೇಳಕೂಡದು, ಅಷ್ಟೇ.

ಆ ಚಳಿಗಾಲದಲ್ಲಿ ಕನೆಲ್ಲಾ ಒಂದು ಕೆಲಸ ಮಾಡಿದಳು. ಆಲಿವ್ ತೋಟದಲ್ಲಿ ಒಬ್ಬಳೇ ಇದ್ದಾಗ, ಕೋಲಿನ ಏಟಿನ ಲಯಕ್ಕೆ, ಸ್ತ್ರಾತಿಸನ ಮೇಲೆ ಸಾಲುಗಳನ್ನು ಕಟ್ಟಿದಳು. ಸಾವಿಲ್ಲದ ಕಡೆ ಸಾವಿನ ಹಾಡು ಹಾಡಬಾರದು, ಅದು ಹಾರೊಸನ ಹೆಸರು ಹಿಡಿದು ಕರೆದ ಹಾಗೆ. ಇದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಅಳುವುದಕ್ಕೆ ಅವಳಿಗೆ ಬೇರೆ ದಾರಿ ತಿಳಿದಿರಲಿಲ್ಲ. ಯಾರಿಗೂ ಕೇಳದಂತೆ, ತುಟಿ ಮಾತ್ರ ಅಲ್ಲಾಡಿಸಿ ಹಾಡಿದಳು. ಮನೆಗೆ ಬಂದ ಮೇಲೆ ಬಾಯಿ ಮುಕ್ಕಳಿಸಿದಳು.

ಬಾರ್ಬಾ ಲಿಯಾಸನ ಹೆಣ ನಡುಮಧ್ಯಾಹ್ನ ಅಂಗಳದಲ್ಲಿತ್ತು. ಅಷ್ಟು ವಯಸ್ಸಾದವನ ಸಾವು, ಅಳುವಿನ ನಡುವೆ ನಗೆಯೂ ಇತ್ತು. ಕನೆಲ್ಲಾ ಅವನ ಕುರಿಗಳನ್ನು ಹಾಡಿದಳು, ಕದ್ದು ಕುಡಿದ ವೈನನ್ನೂ ಹಾಡಿದಳು. ಆಮೇಲೆ ಎಡಗಡೆಯಿಂದ ಸರದಿ. ಒಬ್ಬಳ ತಾಯಿಗೆ ಮೊಮ್ಮಗಳ ಮದುವೆಯ ಸುದ್ದಿ, ಇನ್ನೊಬ್ಬಳ ಅಣ್ಣನಿಗೆ ಅವನ ಹೇಸರಗತ್ತೆಯ ಸುದ್ದಿ. ನಾಲ್ಕನೆಯವಳು ಲಿಗೆರಿ. ಅವಳ ಗಂಡ ಪನಾಯಿಸ್ ಸತ್ತು ಹತ್ತು ವರ್ಷ, ಪ್ರತಿ ಸಲ ಅವನಿಗೇ ಮಾತು ಹೋಗುತ್ತಿತ್ತು. ಕನೆಲ್ಲಾ ಕಣ್ಣು ಮುಚ್ಚಿದ್ದಳು. ಲಯ ಎಳೆದ ಕಡೆ ಬಾಯಿ ಹೋಯಿತು:

"ಲಿಯಾಸ್, ಮೆಲ್ಲಗೆ ಇಳಿ, ದಾರಿಯಲ್ಲಿ ನೋಡು,
ಒದ್ದೆ ಅಂಗಿಯ ಹುಡುಗ ಸ್ತ್ರಾತಿಸ್ ನಿಂತಾನೆ,
ಬಿಸಿಲಿಲ್ಲದ ಊರು, ಅಂಗಿ ಒಣಗದು,
ನಿನ್ನ ಕಂಬಳಿಯಲ್ಲಿ ಅವನ ಹೊದಿಸಿ ಕೂರಿಸು."

ಯಾವ ಹೆಂಗಸೂ ಆ ಸಾಲಿಗೆ ದನಿ ಸೇರಿಸಲಿಲ್ಲ. ಕಣ್ಣು ಬಿಟ್ಟಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಲಿಗೆರಿ ಎದ್ದು ನಿಂತಿದ್ದಳು.

"ನಿಂಗ್ಯಾರೇ ಹೇಳಿದ್ದು?" ದನಿ ಮೆತ್ತಗಿತ್ತು. "ಹಾರೊಸ್ ನಿಂಗೊಬ್ಬಳಿಗೇ ಕಾಗದ ಬರೆದ್ನಾ?"

"ಲಿಗೆರಿ, ಬಾಯಿ ತಪ್ಪಿ…"

"ಬಾಯಿ ತಪ್ಪಿದ್ರೆ ಒಂದು ಹೆಸರು ತಪ್ಪುತ್ತೆ. ನಾಲ್ಕು ಸಾಲು ತಪ್ಪೋದಿಲ್ಲ. ಕಟ್ಟಿಟ್ಕೊಂಡಿದ್ದೆ ನೀನು. ನನ್ನ ಮನೆ ಊಟ ಉಂಡು, ನನ್ನ ಮಗನ ಗುಂಡಿ ತೋಡ್ತಾ ಕೂತಿದ್ದೆ."

ಲಿಯಾಸನನ್ನು ಆ ಸಂಜೆಯೇ ಮಣ್ಣು ಮಾಡಿದರು. ಆ ಮಾತು ಅವನ ಜೊತೆ ಹೋಯಿತು.

ಮುಂದಿನ ವಾರ ಬಾವಿಕಟ್ಟೆಯಲ್ಲಿ ಒಬ್ಬಳು ಲಿಗೆರಿಗೆ, "ನಿನ್ನ ಮಗನ ಆತ್ಮಕ್ಕೆ ದೇವರು ಶಾಂತಿ ಕೊಡಲಿ" ಎಂದಳು. ಅದುವರೆಗೆ ಯಾರಿಗೂ ಆ ಧೈರ್ಯ ಬಂದಿರಲಿಲ್ಲ. ಕನೆಲ್ಲಾಳ ಬಾಯಿ ಹೇಳಿದ ಮೇಲೆ ಊರಿಗೆ ಅದು ನಡೆದುಹೋದ ಸಂಗತಿ. ಲಿಗೆರಿ ಕೊಡವನ್ನು ಅಲ್ಲೇ ಬಿಟ್ಟು ಬಂದಳು. ಗೋಡೆಯ ಆಚೆ ಅವಳ ಹೆಜ್ಜೆ ಸದ್ದು, ಪಾತ್ರೆ ಸದ್ದು ಕನೆಲ್ಲಾಗೆ ದಿನವೂ ಕೇಳುತ್ತಿತ್ತು. ಮೂರು ವರ್ಷ ಮಾತು ಕೇಳಲಿಲ್ಲ.

ಕಳಿಸಿದ ಮಾತನ್ನು ಹಿಂದಕ್ಕೆ ಕರೆಯುವ ದಾರಿ ಒಂದೇ ಇತ್ತು. ಇನ್ನೊಬ್ಬರು ಸಾಯಬೇಕು, ಅವರ ಕೈಯಲ್ಲಿ ಎರಡನೆಯ ಮಾತು ಕಳಿಸಬೇಕು: ಮೊದಲಿನದು ಸುಳ್ಳು, ಹುಡುಗನನ್ನು ಹುಡುಕಬೇಡಿ. ಕನೆಲ್ಲಾ ಕಾಯತೊಡಗಿದಳು. ಎಪ್ಪತ್ತೆಂಟು ವರ್ಷದ ಪೊತಿತ್ಸಾ ಕೆಮ್ಮಿಕೊಂಡು ಬಾಗಿಲಲ್ಲಿ ಕೂತಿದ್ದರೆ ಕನೆಲ್ಲಾಳ ಕಾಲು ತಾನೇ ನಿಲ್ಲುತ್ತಿತ್ತು.

"ಯಾಕೆ ಹಂಗೆ ನೋಡ್ತೀಯ?" ಎಂದಳು ಪೊತಿತ್ಸಾ ಒಂದು ದಿನ. "ನಾನಿನ್ನೂ ಹೊರಟಿಲ್ಲ ಕಣೇ. ಹೋಗು, ಬೇರೆಯೋರ ಮನೆ ಮುಂದೆ ನಿಂತ್ಕೋ."

ಕನೆಲ್ಲಾ ದಾರಿಯಲ್ಲಿ ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುವುದು ಶುರುವಾಯಿತು. ಆಮೇಲೆ ಪೊತಿತ್ಸಾ ಸತ್ತಳು. ಮನೆಯವರು ಕನೆಲ್ಲಾಗೆ ಹೇಳಿಕಳಿಸಲಿಲ್ಲ. ಅವಳು ಹೋಗಿ ಹೊಸಿಲ ಬಳಿ ನಿಂತಳು. ಮಗಳು ಹೊರಗೆ ಬಂದು, "ನೀನು ಬಾಯಿ ತೆಗೀಬೇಡ, ಕಾಲಿಗೆ ಬೀಳ್ತೀನಿ" ಎಂದಳು. ಕನೆಲ್ಲಾ ಹಿಂದಿರುಗಿದಳು. ಮುಂದಿನ ವರ್ಷ ಸತ್ತವನ ಮನೆಯಲ್ಲೂ ಹಾಗೇ ಆಯಿತು. ತಾನು ಇನ್ನೊಬ್ಬರ ಸಾವು ಬಯಸುವಂತಾಯಿತಲ್ಲ ಎಂಬುದು ಅವಳನ್ನು ತಿಂದಿತು. ತಪ್ಪೊಪ್ಪಿಗೆಗೆ ಹೋಗಿ ಪಾದ್ರಿಗಳಿಗೆ ಎಲ್ಲ ಹೇಳಿದಳು. ಅವರು ಈ ಸಲ ಗದರಲಿಲ್ಲ. "ಕೆಳಗೆ ಯಾರೂ ಇಲ್ಲ ಕನೆಲ್ಲಾ, ಯಾವ ಮಾತೂ ಎಲ್ಲಿಗೂ ಹೋಗಿಲ್ಲ" ಎಂದರು. ಅವಳು ಅವರ ಕೈಗೆ ಮುತ್ತಿಟ್ಟು ಎದ್ದಳು. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಯಾರೂ ಇಲ್ಲದಿದ್ದರೆ ಅವಳ ಗಂಡ, ಅವಳ ತಾಯಿ, ನಲವತ್ತು ವರ್ಷ ಅವಳು ಕಳಿಸಿದವರೆಲ್ಲ ಎಲ್ಲಿದ್ದರು?

ಎಪ್ಪತ್ತೈದರ ಬೇಸಿಗೆಯಲ್ಲಿ ಹೊಟ್ಟೆಯೊಳಗೆ ಗಡ್ಡೆ ಬೆಳೆದಿದೆ ಎಂದು ಗಿಥಿಯೋ ಪೇಟೆಯ ಡಾಕ್ಟರು ಹೇಳಿದರು. ಕನೆಲ್ಲಾಳ ಮುಖ ಸಡಿಲವಾದದ್ದು ಅವತ್ತು. ಇನ್ನು ಯಾರನ್ನೂ ಕಾಯಬೇಕಿರಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಲಿಗೆರಿ ಬಂದಳು. ಬಾಗಿಲು ತಟ್ಟಲಿಲ್ಲ, ಮೊದಲಿನ ಹಾಗೇ ತಳ್ಳಿಕೊಂಡು ಬಂದು ಮಂಚದ ಪಕ್ಕ ಕೂತಳು. ಬಹಳ ಹೊತ್ತು ಹೊದಿಕೆಯ ಅಂಚನ್ನು ಸರಿಮಾಡುತ್ತಿದ್ದಳು.

"ಹೊರಟಿದ್ದೀಯಂತೆ."

"ಹೂಂ. ಕುಸ್ತಿ ಮುಗೀತು. ಬೆನ್ನು ನೆಲಕ್ಕೆ ತಾಗಿಸಿದ."

"ತೆಳ್ಳಗಾಗಿದ್ದೀಯ ಕಣೇ. ಅವನ ಕುದುರೆಗೆ ಭಾರ ಕಮ್ಮಿ."

ಇಬ್ಬರೂ ನಕ್ಕರು. ಕನೆಲ್ಲಾಗೆ ನೋವಾಗಿ ಕೈ ಹೊಟ್ಟೆಗೆ ಹೋಯಿತು.

"ನಾನು ಮೊದಲೇ ಕಟ್ಟಿದ್ದೆ ಲಿಗೆರಿ. ತೋಟದಲ್ಲಿ. ನೀನು ಹೇಳಿದ್ದು ನಿಜ."

"ಗೊತ್ತು. ನಿನ್ನ ತುಟಿ ಅಲ್ಲಾಡೋದು ತೋಟದ ಗೋಡೆ ಮೇಲಿಂದ ನೋಡಿದ್ದೆ."

"ಹೋದ ತಕ್ಷಣ ಲಿಯಾಸನ್ನ ಹಿಡಿದು ಹೇಳ್ತೀನಿ. ಸುಳ್ಳು ಅಂತ. ಹುಡುಕ್ಬೇಡ ಅಂತ."

ಲಿಗೆರಿ ತಲೆ ಅಲ್ಲಾಡಿಸಿದಳು. "ಬೇಡ. ಹುಡುಕು."

ಕನೆಲ್ಲಾ ಅವಳನ್ನೇ ನೋಡಿದಳು.

"ಎಲ್ಲ ಕಡೆ ಹುಡುಕು. ನೀರಲ್ಲಿ ಹೋದೋರು ಎಲ್ಲಿ ಕೂತಿರ್ತಾರೋ ಅಲ್ಲಿ ಕೇಳು, ಅವರಪ್ಪನ್ನ ಕೇಳು. ಸಿಗ್ಲಿಲ್ಲ ಅಂದ್ರೆ ಕನಸಲ್ಲಿ ಬಂದು ಹೇಳಿ ಹೋಗು. ನಾಯಿ ಕಚ್ಚಿದ್ರೂ ಸರಿ, ಒಂದ್ಸಲ ಬಾ."

"ಸಿಕ್ಕಿದ್ರೆ?"

ಲಿಗೆರಿ ಎದ್ದು ಕಿಟಕಿಯ ಬಳಿ ಹೋದಳು. ಅಲ್ಲಿಂದ ಕಡಲು ಕಾಣುತ್ತದೆ. "ಸಿಕ್ಕಿದ್ರೆ ಬರ್ಬೇಡ" ಎಂದಳು. "ಅವನ ಹತ್ರಾನೇ ಇರು."

ನಾಲ್ಕು ದಿನದ ಮೇಲೆ ಕನೆಲ್ಲಾ ಹೋದಳು. ಮೊದಲ ಸಾಲು ಎತ್ತುವವರಿಲ್ಲದೆ ಹೆಂಗಸರು ಪಿಸುದನಿಯಲ್ಲಿ ಅತ್ತರು. ಲಿಗೆರಿ ತಲೆಯ ಬಳಿ ಕೂತಿದ್ದಳು. ಅವಳ ಸರದಿ ಬಂದಾಗ ಎಲ್ಲರೂ ಕಾದರು. ಹೇಳುವುದನ್ನು ಹೇಳಿ ಆಗಿದೆ ಎಂಬಂತೆ ಅವಳು ಕೈ ಆಡಿಸಿ ಮುಂದಿನವಳಿಗೆ ಬಿಟ್ಟುಕೊಟ್ಟಳು.

ಲಿಗೆರಿ ಈಗ ಕನಸಿಗಾಗಿ ಮಧ್ಯಾಹ್ನವೂ ಮಲಗುತ್ತಾಳೆ. ಬಾವಿಕಟ್ಟೆಯಲ್ಲಿ ಹೆಂಗಸರು ಕೇಳುವುದಿಲ್ಲ, ಆದರೆ ಅವಳ ಮುಖ ನೋಡುತ್ತಾರೆ. ಮೊನ್ನೆ ಪಾದ್ರಿಗಳು ಮೆಲ್ಲಗೆ, "ಎಂಟು ತಿಂಗಳಾಯ್ತಲ್ಲಮ್ಮ, ಹುಡುಗನ ಹೆಸರಲ್ಲಿ ಗೋಧಿ ಬೇಯಿಸೋಣ್ವಾ?" ಎಂದರು.

"ಅವಳು ಯಾವತ್ತೂ ನಿಧಾನ ಪಾದ್ರಿಗಳೇ" ಎಂದಳು ಲಿಗೆರಿ. "ಸಿಕ್ಕೋರನ್ನೆಲ್ಲ ಮಾತಾಡಿಸ್ಕೊಂಡು ಹೋಗೋಳು. ಅಲ್ಲಿ ಬೇರೆ ಜನ ಕಮ್ಮಿಯಿದಾರಾ?"