ಬೆರಳಕ್ಕ ಮೆಟ್ಟಿಲಿಳಿದ ದಿನ

ಬೆರಳಕ್ಕನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಬದಲಿಗಳ ಬೆರಳು ರಿಪೇರಿ ಮಾಡುವವಳು ಎಂದರೆ ಸಾಕಿತ್ತು.

ಆ ಹೊತ್ತಿಗೆ ಜನ ಹೊರಗೆ ಬರುವುದನ್ನೇ ಬಿಟ್ಟಿದ್ದರು. ತಂತಿಯ ಟೋಪಿ ಹಾಕಿಕೊಂಡು ಮಂಚದ ಮೇಲೆ ಮಲಗಿದರೆ ಆಯಿತು, ಬೀದಿಯಲ್ಲಿ ಅವರ ಬದಲಿ ನಡೆಯುತ್ತಿತ್ತು. ಯಂತ್ರದ ಮೈ, ಆದರೆ ಮಲಗಿದವರದೇ ಮುಖ, ಅವರದೇ ದನಿ. ಅದು ಕಂಡದ್ದನ್ನು ಇವರು ಕಾಣುತ್ತಿದ್ದರು, ಅದು ಮುಟ್ಟಿದ್ದು ಇವರ ಕೈಗೆ ತಿಳಿಯುತ್ತಿತ್ತು. ಬೆರಳಕ್ಕನೂ ಹಾಗೆಯೇ. ಗಂಡ ತೀರಿಕೊಂಡ ಮೇಲೆ ನಾದಿನಿಯ ಜೊತೆ ನಾಲ್ಕನೇ ಮಹಡಿಯಲ್ಲಿದ್ದಳು. ಕೆಳಗಿನ ಅಂಗಡಿಯಲ್ಲಿ ಅವಳ ಬದಲಿ ಕೂತು, ಸವೆದ ಬೆರಳ ತುದಿಗಳಿಗೆ ಹೊಸ ಪೊರೆ ಅಂಟಿಸುತ್ತಿತ್ತು. ಸ್ವಂತ ಕಾಲಲ್ಲಿ ಅವಳು ಮೆಟ್ಟಿಲಿಳಿದು ಹನ್ನೊಂದು ವರ್ಷವಾಗಿತ್ತು.

ಪೊರೆ ಅಂಟಿಸಿದ ಮೇಲೆ ಒಂದು ಪರೀಕ್ಷೆ ಇರುತ್ತಿತ್ತು. ಗಿರಾಕಿ ಕಣ್ಣು ಮುಚ್ಚಬೇಕು. ಅವಳು ಬೆರಳ ಮೇಲೆ ಉಪ್ಪಿನ ಹರಳು, ಉಣ್ಣೆಯ ಎಳೆ, ಒಣ ಎಲೆ ಹೀಗೆ ಒಂದೊಂದಾಗಿ ಇಡುತ್ತಿದ್ದಳು. ಭೂಗೋಳದ ಮೇಷ್ಟ್ರು ಮಾತ್ರ ನೆಟ್ಟಗೆ ಉತ್ತರ ಹೇಳಿದವರಲ್ಲ. ಉಪ್ಪು ಇಟ್ಟರೆ, "ಯಾವ ಸಮುದ್ರದ್ದು ಅಂತ ಹೇಳ್ಲಾ ಬೆರಳಕ್ಕಾ?" ಎನ್ನುವರು. ಹೇಳಿ, ಸೀಮೆಸುಣ್ಣದ ಪುಡಿ ಉದುರಿಸುವವರಂತೆ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿಕೊಳ್ಳುವರು. ಪಾಠ ನಿಲ್ಲಿಸಿ ಎಷ್ಟೋ ಕಾಲವಾಗಿದ್ದರೂ ಆ ಚಾಳಿ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರ ಬದಲಿ ಬಂದು ಕೈ ಚಾಚಿತು. ಅದೇ ಮುಖ, ಅದೇ ದನಿ.

"ಉಪ್ಪು," ಎಂದಿತು. "ಉಣ್ಣೆ. ಎಲೆ. ಸರಿಯಾಗಿದೆ, ಬರ್ತೀನಮ್ಮಾ."

ಬೆರಳು ಉಜ್ಜಲಿಲ್ಲ. ಬೆರಳಕ್ಕಾ ಎನ್ನಲಿಲ್ಲ. ಹೋಗುವಾಗ ಬಾಗಿಲ ಬಳಿ ಸೆರಗು ಸರಿಮಾಡಿಕೊಳ್ಳುವವರಂತೆ ಖಾಲಿ ಭುಜವನ್ನು ಒಮ್ಮೆ ಸವರಿಕೊಂಡಿತು.

ಒಳಗಿರುವುದು ಮೇಷ್ಟ್ರಲ್ಲ ಎಂದು ಬೆರಳಕ್ಕನಿಗೆ ಅನಿಸಿತು. ಊರಲ್ಲಿ ವೇಷಗಳ್ಳರ ಸುದ್ದಿ ಹಬ್ಬಿದ್ದ ದಿನಗಳವು. ಮಲಗಿದವರನ್ನು ಕಟ್ಟಿಹಾಕಿ ಅವರ ಬದಲಿಯೊಳಗೆ ತಾವು ಹೊಕ್ಕು ಓಡಾಡುತ್ತಾರಂತೆ ಆ ಕಳ್ಳರು. ಬದಲಿಯಲ್ಲೇ ಅವಳು ಠಾಣೆಗೆ ಹೋದಳು. ಅಲ್ಲಿ ದಫೇದಾರರ ಬದಲಿ ನಕ್ಕಿತು.

"ಮೇಷ್ಟ್ರು ಈಗ ತಾನೇ ಪಾರ್ಕಲ್ಲಿ ಸಿಕ್ಕಿದ್ರಲ್ಲಮ್ಮ! ಕಣ್ಣೆದುರು ಓಡಾಡೋರು ಕಾಣೆಯಾಗಿದ್ದಾರೆ ಅಂತ ದೂರು ಹೇಗೆ ಬರ್ಕೊಳ್ಳಲಿ?"

ಮೇಷ್ಟ್ರ ಕಟ್ಟಡದ ಬಾಗಿಲು ಪರಿಚಯವಿಲ್ಲದ ಬದಲಿಗೆ ತೆರೆಯುತ್ತಿರಲಿಲ್ಲ. ಆದರೆ ಬೆಂಕಿ ಅನಾಹುತಗಳ ಕಾಲದ ಹಳೆಯ ಕಾಯಿದೆ ಒಂದಿತ್ತು: ಉಸಿರಾಡುವ ಮನುಷ್ಯರು ಬಂದು ನಿಂತರೆ ಯಾವ ಬಾಗಿಲಾದರೂ ತೆರೆಯಲೇಬೇಕು.

ಬೆರಳಕ್ಕ ಟೋಪಿ ಕಳಚಿ ಮಂಚದಿಂದೆದ್ದಳು.

"ಊರ ಉಸಾಬರಿ ನಿನಗ್ಯಾಕೇ?" ನಾದಿನಿ ಗಾಬರಿಯಾದಳು. "ಕಾಲಿಗೆ ಚಪ್ಪಲಿ ಕೂಡ ಇಲ್ಲ ನಿನಗೆ!"

"ಕಾಲಂತೂ ಇದೆಯಲ್ಲ ಕಣೇ."

ಹೊರಗೆ ಬಂದಾಗ ಬೀದಿ ಅವಳು ದಿನಾ ಕಂಡ ಬೀದಿಯಾಗಿರಲಿಲ್ಲ. ಬದಲಿಯ ಕಣ್ಣಿಗೆ ಬಿಸಿಲು ಬರೀ ಬೆಳಕು. ಇಲ್ಲಿ ಅದು ಕತ್ತಿನ ಮೇಲೆ ಬೆಚ್ಚಗೆ ಕೈಯಿಟ್ಟಂತಿತ್ತು. ಗಾಳಿಗೆ ಒದ್ದೆ ಮಣ್ಣಿನ, ತುಕ್ಕಿನ ವಾಸನೆ. ಸುತ್ತ ನೂರಾರು ಬದಲಿಗಳು ಸದ್ದಿಲ್ಲದೆ ತೇಲಿದಂತೆ ನಡೆಯುತ್ತಿದ್ದವು. ಅವಳನ್ನು ಕಂಡು ಬದಿಗೆ ಸರಿದು ದಾರಿ ಬಿಟ್ಟವು. ಏದುಸಿರು ಬಿಡುವವರನ್ನು ಅವು ಕಂಡು ಎಷ್ಟು ಕಾಲವಾಗಿತ್ತೋ. ಒಂದು ಬದಲಿಯಂತೂ ಹಿಂದೆಯೇ ಬಂದು ಅವಳು ಬಿಟ್ಟ ಬೆವರಿನ ಹೆಜ್ಜೆಗುರುತನ್ನು ಬಗ್ಗಿ ನೋಡಿತು. ನಿದ್ದೆಯಲ್ಲಿ ನಡೆಯುತ್ತಿರುವುದು ತಾನೋ ಅವರೋ ಎಂದು ಬೆರಳಕ್ಕನಿಗೇ ತಿಳಿಯದಾಯಿತು.

ಮೇಷ್ಟ್ರ ಕಟ್ಟಡದ ಬಾಗಿಲು ಅವಳ ಉಸಿರಿಗೆ ತೆರೆದುಕೊಂಡಿತು. ಎರಡು ಮಹಡಿ ಹತ್ತುವಷ್ಟರಲ್ಲಿ ಮೂರು ಸಲ ಕೂತಳು. ಮನೆಯೊಳಗೆ ಕಳ್ಳರಿರಲಿಲ್ಲ. ಹಗ್ಗವೂ ಇರಲಿಲ್ಲ. ಕಿಟಕಿಯ ಬಳಿ ಎರಡು ಮಂಚ. ಒಂದರಲ್ಲಿ ಮೇಷ್ಟ್ರು ಟೋಪಿಯಿಲ್ಲದೆ, ಕಣ್ಣು ತೆರೆದು ಮಲಗಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಇನ್ನೊಂದರಲ್ಲಿ ಅವರ ಹೆಂಡತಿ. ಗಂಡನ ಟೋಪಿ ಆಕೆಯ ತಲೆಯ ಮೇಲಿತ್ತು.

ಬೆರಳಕ್ಕ ಆಕೆಯ ಭುಜ ಅಲುಗಿಸಿದಳು. ಅದೇ ಗಳಿಗೆಯಲ್ಲಿ ಪಾರ್ಕಿನಲ್ಲಿ ಮೇಷ್ಟ್ರ ಬದಲಿ ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಟ್ಟಿತಂತೆ. ಕಂಡವರು ಆಮೇಲೆ ಹೇಳಿದರು.

ಆಕೆ ಕಣ್ಣುಬಿಟ್ಟವಳೇ ಅಳತೊಡಗಿದಳು. "ಮೂರು ವಾರ ಆಯ್ತು ಕಣಮ್ಮ, ಹೀಗೆ ಬಿದ್ದು. ಡಾಕ್ಟರಿಗೆ ಹೇಳಿದ್ರೆ, ನಡೆಸೋಕೆ ಆಗದೋರಿಗೆ ಯಾಕೆ ಅಂತ ಬದಲಿ ವಾಪಸ್ ತಗೊಂಡ್ಹೋಗ್ತಾರೆ. ಬೀದೀಲಿ ಮುಖ ಕಾಣದೆ ಹೋದೋರನ್ನ ಯಾರು ನೆನೆಸ್ಕೋತಾರೆ ಹೇಳು? ಅದಕ್ಕೆ ನಾನೇ ಇವರಾಗಿ ಹೋಗಿ ಬರ್ತಿದ್ದೆ. ಎಲ್ಲರೂ 'ನಮಸ್ಕಾರ ಮೇಷ್ಟ್ರೇ' ಅಂತಿದ್ರು. ಸಂಜೆ ಬಂದು ಇವರಿಗೆ ಒಂದೂ ಬಿಡದೆ ಹೇಳ್ತಿದ್ದೆ."

ಬೈಯಬೇಕೆಂದು ಬಾಯಿ ತೆರೆದ ಬೆರಳಕ್ಕ ಮೇಷ್ಟ್ರ ಮಂಚದ ಅಂಚಿಗೆ ಕೂತಳು. ಮೇಷ್ಟ್ರ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಪೊರೆಯಿಲ್ಲದ ಬೆರಳನ್ನು ಮುಟ್ಟಿ ಎಷ್ಟು ವರ್ಷವಾಗಿತ್ತು! ತಣ್ಣಗಿತ್ತು, ಸುಕ್ಕಾಗಿತ್ತು, ಉಗುರು ಬೆಳೆದಿತ್ತು. ಒಂದೊಂದೇ ಗೆಣ್ಣನ್ನು ಮೆಲ್ಲಗೆ ಒತ್ತುತ್ತಾ ಬಂದಳು. ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಒಂದಿಷ್ಟು ಕದಲಿ, ತೋರುಬೆರಳನ್ನು ಹುಡುಕಿಕೊಂಡು ಹೋಯಿತು.

"ಇದ್ದಾರೆ," ಎಂದಳು ಬೆರಳಕ್ಕ. "ಪೂರ್ತಿ ಇಲ್ಲೇ ಇದ್ದಾರೆ. ಡಾಕ್ಟರನ್ನ ಕರೆಸಿ, ಅಮ್ಮಾ. ಮುಖ ಹೋದ್ರೆ ಹೋಗ್ಲಿ."

ವೈದ್ಯರು ಬಂದರು, ಬದಲಿ ಹೋಯಿತು. ಮೇಷ್ಟ್ರ ಮಾತು ತೊದಲುತ್ತಲೇ ಉಳಿಯಿತು. ಬಲಗೈಗೆ ಮಾತ್ರ ಅರ್ಧ ಜೀವ ಬಂತು. ಅವರಿಗಾಗಿ ಬೆರಳಕ್ಕ ವಾರಕ್ಕೆರಡು ದಿನ ನಡೆದುಕೊಂಡೇ ಹೋಗುತ್ತಿದ್ದಳು. ಮೇಷ್ಟ್ರನ್ನು ಬೀದಿ ಮರೆತದ್ದೂ ನಿಜವೇ. ಆದರೆ ಸುದ್ದಿ ಕೇಳಿದ ಇನ್ನೂ ನಾಲ್ಕಾರು ಮನೆಯವರು, ಹಾಸಿಗೆ ಹಿಡಿದವರ ಕೈ ಒತ್ತಿಕೊಡಲು ಅವಳನ್ನು ಕರೆದರು. ಅಂಗಡಿಗೆ ಮಧ್ಯಾಹ್ನ ಬೀಗ ಬೀಳತೊಡಗಿತು.

ಗೊಣಗುವುದನ್ನು ನಾದಿನಿ ಒಂದು ದಿನವೂ ಬಿಡಲಿಲ್ಲ. ಆದರೆ ಒಂದು ಮಧ್ಯಾಹ್ನ ಬೆರಳಕ್ಕ ಮರಳಿ ಬಂದಾಗ, ಮೂರನೇ ಮಹಡಿಯ ಮೆಟ್ಟಿಲ ಮೇಲೆ ನಾದಿನಿ ಬರಿಗಾಲಲ್ಲಿ ಕಂಬಿ ಹಿಡಿದು ಕೂತಿದ್ದಳು.

"ಇವತ್ತಿಗೆ ಇಷ್ಟು ಸಾಕು," ಎಂದಳು. "ಮೇಲಕ್ಕೆ ಕರ್ಕೊಂಡು ಹೋಗೇ, ಕಾಲು ಬರ್ತಾ ಇಲ್ಲ."